ನೋಡೋಕೆ ಅಂತ ಹೋದ ಊರು

ಜನವರಿ 4, ಭಾನುವಾರ

ಇವತ್ತು ಊಟದ ಮೇಜಿನ ಮೇಲೆ ಒಂದು ಊರನ್ನೇ ಹರಡಿಕೊಂಡು ಕೂತಿದ್ದರು. ಡುನೆಡಿನ್ ಅಂತೆ. ಈ ದೇಶದ ದಕ್ಷಿಣದ ಕೊನೆಗೆ ಹತ್ತಿರ. ಹಳೇ ಕಾಲದ ಊರು, ಕಲ್ಲಿನ ಕಟ್ಟಡಗಳು, ಗುಡ್ಡದ ಮೇಲೊಂದು ಕೋಟೆಯಂಥ ಬಂಗಲೆ. ಬರುವ ತಿಂಗಳು ಆರನೇ ತಾರೀಖು ಶುಕ್ರವಾರ ವೈತಾಂಗಿ ಅಂತ ಇಲ್ಲಿಯ ಸರ್ಕಾರಿ ರಜೆ. ಅದಕ್ಕೆ ಶನಿವಾರ ಭಾನುವಾರ ಸೇರಿಸಿಕೊಂಡು ಹೋಗುವುದಂತೆ. ಅಳಿಯಂದಿರು ಲ್ಯಾಪ್‌ಟಾಪಿನಲ್ಲಿ ಚೌಕಚೌಕ ಗೆರೆ ಹಾಕಿ, ಯಾವ ಗಂಟೆಗೆ ಏನು ನೋಡುವುದು ಅಂತ ತುಂಬಿಸುತ್ತಿದ್ದರು. ನಿಶಾಗೆ ಪೆಂಗ್ವಿನ್ ಬೇಕು. ನನ್ನ ಮಗಳು ಸಂಯುಕ್ತಾಗೆ ಬಂಗಲೆಯ ಹೂದೋಟ ಬೇಕು.

ನಾನು ಬದನೆಕಾಯಿ ಹೆಚ್ಚುತ್ತಾ ಕೇಳಿಸಿಕೊಂಡೆ. ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಕೊನೆಗೆ ನಾನೇ ಮೊಮ್ಮಗಳಿಗೆ ಹೇಳಿದೆ, "ನಿಶಾ, ನಿಮ್ಮಪ್ಪನ್ನ ಕೇಳು, ಅಲ್ಲಿ ಚಳಿ ಇರ್ತದಾ, ನಾನು ಶಾಲು ತಕೋಬೇಕಾ ಅಂತ."

ಅಳಿಯಂದಿರು ಗೆರೆಗಳನ್ನೇ ನೋಡಿದರು.

"ಅಮ್ಮಾ, ನೀನು ಪುಕೆಕೊಹೆಗೆ ಹೋಗ್ತೀಯಲ್ಲ," ಅಂದಳು ಸಂಯುಕ್ತಾ.

"ನಾನಾ? ಯಾವಾಗ?"

ಆಗ ಹೊರಗೆ ಬಂತು. ಇವಳ ಆಸ್ಪತ್ರೆಯಲ್ಲೇ ನರ್ಸಾಗಿರುವ ಮೈಸೂರಿನ ಹುಡುಗಿ ಚಂದ್ರಿಕಾ, ಯುಗಾದಿಗೆ ನಮ್ಮ ಮನೆಗೆ ಬಂದಿದ್ದವಳು, ಪುಕೆಕೊಹೆಯಲ್ಲಿದ್ದಾಳೆ. ಈ ತಿಂಗಳು ಹೆರಬೇಕು. ಬಾಣಂತನಕ್ಕೆ ಬರಬೇಕಿದ್ದ ಅವಳ ತಾಯಿ ಊರಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಳೆ. "ನಾನು ಹೇಳ್ಬಿಟ್ಟಿದ್ದೀನಿ ಅಮ್ಮಾ, ನೀನು ಬಂದು ಎರಡು ತಿಂಗಳು ಇರ್ತೀಯ ಅಂತ. ಬಾಣಂತನ ಅಂದ್ರೆ ನಿಂಗೆ ಪ್ರಾಣ ಅಲ್ವಾ?"

"ನನ್ನ ಪ್ರಾಣದ ವಿಚಾರ ನನಗೇ ತಿಳೀದು. ನಿನಗೆ ಎಂಗೆ ತಿಳೀತು?"

ನನಗೇನು ಡುನೆಡಿನ್ ಬೇಕಾಗಿಲ್ಲ. ಕಲ್ಲು ನೋಡೋಕೆ ವಿಮಾನ ಹತ್ತಬೇಕಾ? ನಮ್ಮೂರ ಹಿಂದೆ ಬೇಕಾದಷ್ಟು ಕಲ್ಲಿದ್ದವು. ಆದರೆ ಕೇಳಬೇಕಿತ್ತು. ಬಾಯಲ್ಲಿ ಆಡಿದರೆ ಜಗಳವಾಗುತ್ತದೆ ಅಂತ ಇದರಲ್ಲಿ ಬರೆಯುತ್ತಿದ್ದೇನೆ. ಇದು ನಿಶಾ ಅರ್ಧ ಬರೆದು ಬಿಸಾಡಿದ ಸೈನ್ಸ್ ಪುಸ್ತಕ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ಅರ್ಧ ಪುಸ್ತಕ ನನಗೆ ಸಾಕು.

ಜನವರಿ 5, ಸೋಮವಾರ

ಕೇಳಬೇಕಿತ್ತು.

ಜನವರಿ 7, ಬುಧವಾರ

ಬಟ್ಟೆ ಮಡಿಸುತ್ತಾ ಎಣಿಸಿದೆ. ಹನ್ನೊಂದು ಬಾಣಂತನ ಮಾಡಿದ್ದೇನೆ. ಮದ್ದೂರು, ಚನ್ನಪಟ್ಟಣ, ಶಿವಮೊಗ್ಗ, ಮುಂಬೈ ಕೂಡ. ಮುಂಬೈಯಲ್ಲಿ ನೋಡಿದ್ದು ಒಂದು ಬಚ್ಚಲು, ಒಂದು ಅಡುಗೆಮನೆ, ಬಟ್ಟೆ ಒಣಗಿಸುವ ಒಂದು ಕಿಟಕಿ. ಸಮುದ್ರ ಹತ್ತಿರ ಅಂತ ಹೇಳಿದರು, ಇದ್ದಿರಬಹುದು. ಮೈಸೂರಲ್ಲಿ ನಾದಿನಿಯ ಮನೆಯಲ್ಲಿ ಮೂರು ತಿಂಗಳಿದ್ದೆ. ಭಾನುವಾರ ಅರಮನೆಗೆ ದೀಪ ಹಾಕುತ್ತಾರೆ ಅಂತ ಮನೆಮಂದಿಯೆಲ್ಲ ನಡೆದೇ ಹೋದರು. ಬಾಣಂತಿಯ ಹತ್ತಿರ ಒಬ್ಬರು ಇರಬೇಕಲ್ಲ. ಹನ್ನೆರಡು ಭಾನುವಾರವೂ ಆ ಒಬ್ಬರು ನಾನೇ.

ಈ ದೇಶಕ್ಕೆ ಮೊದಲ ಸಲ ಬಂದದ್ದೂ ನಿಶಾ ಹುಟ್ಟಿದಾಗ. ಆಮೇಲೆ ಬಂದು ಇಲ್ಲೇ ಉಳಿದೆ. ಇವರು ಟ್ರಿಪ್ಪಿಗೆ ಹೊರಟಾಗಲೆಲ್ಲ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿ ಕಳಿಸಿದ್ದೇನೆ. ಮಂಡಿ ನೋವು, ನಾ ಬರಲ್ಲ ಅಂತ ನಾನೇ ಅಂದದ್ದೂ ಉಂಟು, ಸುಳ್ಳು ಯಾಕೆ. ಆದರೆ ಎರಡನೇ ಸಲ ಬಾ ಅಂತ ಯಾರಾದರೂ ಅಂದರಾ?

ನೋಡೋಕೆ ಅಂತ ನಾನು ಯಾವ ಊರಿಗೂ ಹೋದವಳಲ್ಲ. ಹೋದಲ್ಲೆಲ್ಲ ಕೆಲಸಕ್ಕೇ ಹೋದವಳು. ನನಗೆ ಈಗ ಎಪ್ಪತ್ತಮೂರು.

ಡುನೆಡಿನ್‌ಗೆ ನಾನೂ ಹೋಗುತ್ತೇನೆ. ಬೇಡ ಅನ್ನುವ ಗಂಡೆದೆ ಯಾರಿಗಿದೆಯೋ ನೋಡೋಣ.

ಜನವರಿ 11, ಭಾನುವಾರ

ರಾತ್ರಿಯವರೆಗೆ ಕಾಯಲಿಲ್ಲ. ದೋಸೆ ಹೊಯ್ಯುತ್ತಲೇ ಹೇಳಿದೆ. ಕೈಯಲ್ಲಿ ಸೌಟಿದ್ದಾಗ ಈ ಮನೆಯಲ್ಲಿ ನನ್ನ ಮಾತು ಕೇಳುತ್ತಾರೆ.

"ನಿಶಾ, ನಿಮ್ಮಪ್ಪನ ಆ ಪಟ್ಟಿಯಲ್ಲಿ ನನ್ನ ಹೆಸರು ಬರಿ."

ಸಂಯುಕ್ತಾ ತಟ್ಟೆ ಕೆಳಗಿಟ್ಟಳು. "ಅಮ್ಮಾ, ಚಂದ್ರಿಕಾಗೆ ನಾನು ಮಾತು ಕೊಟ್ಟಿದ್ದೀನಿ."

"ಕೊಟ್ಟಿದ್ದು ನೀನು. ಹೋಗಲಿ, ನಡೆಸಿಕೊಡ್ತೀನಿ. ಮಗು ಹುಟ್ಟಿದ ಮೇಲೆ ಹೋಯ್ತೀನಿ, ಆ ಗುರುವಾರದವರೆಗೂ ಮಾಡ್ತೀನಿ. ಶುಕ್ರವಾರ ವಿಮಾನ ಹತ್ತೀನಿ. ಭಾನುವಾರ ಬಂದು ಮತ್ತೆ ಅಲ್ಲೇ ಇಳೀತೀನಿ."

"ಮಧ್ಯೆ ಮೂರು ದಿನ ಯಾರು ನೋಡ್ಕೋತಾರೆ?"

"ಆ ಮಗೀಗೆ ಅಪ್ಪ ಇಲ್ವಾ?"

"ಬಾಲುನಾ? ಗಂಡಸು ಬಾಣಂತನ ಮಾಡ್ತಾನಾ ಅಮ್ಮಾ? ಕೇಳ್ದೋರು ನಗ್ತಾರೆ."

"ನಗೋರು ಬಂದು ಬಟ್ಟೆ ಒಗೀಲಿ. ಅವನು ಈರುಳ್ಳಿ ಆರಿಸೋ ಯಂತ್ರ ರಿಪೇರಿ ಮಾಡ್ತಾನೆ ಅಂದಿದ್ದೆ ನೀನು. ಒಂದು ಕೂಸು ತೊಳೆಯಾಕಾಗಲ್ವಾ? ನಾನು ಕಲಿಸ್ತೀನಿ."

ಆಮೇಲೆ ಮಂಡಿಯ ಮಾತು ತೆಗೆದಳು. ಆ ಊರೆಲ್ಲ ಏರು ಅಂತೆ, ಪ್ರಪಂಚದಲ್ಲೇ ಕಡಿದಾದ ರಸ್ತೆ ಅಲ್ಲಿದೆಯಂತೆ. "ಅದರ ಮೇಲೆ ಹತ್ತುತೀನಿ ಅಂದ್ನಾ? ಕೆಳಗೆ ನಿಂತ್ಕಂಡು, ಹತ್ತೋರ ಮುಖ ನೋಡ್ತೀನಿ" ಅಂದೆ.

ಅಳಿಯಂದಿರಿಗೆ ನೆತ್ತಿಗೆ ಹತ್ತಿ ಕೆಮ್ಮಿದರು. ನಕ್ಕರೋ ಏನೋ, ನಾನು ಅವರ ಮುಖ ನೋಡುವುದಿಲ್ಲ. ನಿಶಾ ಮಾತ್ರ, "ಅಜ್ಜಿ, ಯು ಆರ್ ಸ್ಯಾವೇಜ್" ಅಂದಳು. ಅದು ಬೈಗುಳವೋ ಹೊಗಳಿಕೆಯೋ ತಿಳಿಯದು. ನಗುತ್ತಾ ಹೇಳಿದಳು, ಇಟ್ಟುಕೊಂಡೆ.

ಜನವರಿ 14, ಬುಧವಾರ

ಸೋಮವಾರ ನಿಶಾ ಪಟ್ಟಿಯಲ್ಲಿ ನಾಲ್ಕನೇ ಸಾಲು ಸೇರಿಸಿ 'ಅಜ್ಜಿ' ಅಂತ ಬರೆದಳು. ನಿನ್ನೆ ಸಂಯುಕ್ತಾ ಅಳಿಸಿದಳು. ಇವತ್ತು ನೋಡಿದರೆ ಮತ್ತೆ ಇದೆಯಂತೆ. ಈ ಸಲ ಸೀಟಿನ ನಂಬರಿನ ಸಮೇತ, ಕಿಟಕಿಯ ಪಕ್ಕ. ನಿಶಾ ದೇವರಾಣೆ ತಾನಲ್ಲ ಅಂದಳು.

ಹಾಗಾದರೆ ಈ ಮನೆಯಲ್ಲಿ ಉಳಿದವರು ಒಬ್ಬರೇ. ಸಂಜೆ ಅವರ ಕಾಫಿಗೆ ಹಾಲು ಸ್ವಲ್ಪ ಗಟ್ಟಿಯಾಗಿಯೇ ಹಾಕಿದೆ.

ಜನವರಿ 19, ಸೋಮವಾರ. ಪುಕೆಕೊಹೆ

ಶನಿವಾರ ಹೆಣ್ಣುಮಗು ಹುಟ್ಟಿತು. ಇವತ್ತು ನನ್ನನ್ನು ಇಲ್ಲಿ ತಂದು ಇಳಿಸಿದರು. ಕೆಂಪು ಮಣ್ಣು, ಸಾಲುಸಾಲು ಈರುಳ್ಳಿ, ಎಲೆಕೋಸು. ಮಣ್ಣು ನೋಡಿ ಒಂದು ಗಳಿಗೆ ಎದೆ ತಣ್ಣಗಾಯಿತು. ಆಮೇಲೆ ಅಡುಗೆಮನೆ ನೋಡಿದೆ. ಮೆಣಸಿಲ್ಲ, ಒಣಕೊಬ್ಬರಿ ಇಲ್ಲ, ಅಂಟು ಇಲ್ಲ. ಇಪ್ಪತ್ತು ಪ್ಯಾಕೆಟ್ ನೂಡಲ್ಸ್ ಇದೆ.

ಚಂದ್ರಿಕಾ ಮಲಗಿದ್ದಲ್ಲಿಂದಲೇ ನನ್ನ ಕೈ ಹಿಡಿದುಕೊಂಡು ಅತ್ತಳು. "ನೀವ್ ಬಂದ್ರಿ, ಅಮ್ಮನೇ ಬಂದಂಗಾಯ್ತು ಅಜ್ಜಿ" ಅಂದಳು. ಇಂಥ ಮಾತಿಗೆ ನಾನು ಹನ್ನೊಂದು ಸಲ ಬಿದ್ದಿದ್ದೇನೆ.

ಬಾಲು ಮೂಲೆಯಲ್ಲಿ ನಿಂತಿದ್ದ. ಉದ್ದನೆಯ ಹುಡುಗ, ಮೂವತ್ತೊಂದು ವರ್ಷ, ಹುಣಸೂರಿನ ಕಡೆಯವನು. ಮೈಯೆಲ್ಲ ಈರುಳ್ಳಿಯ ವಾಸನೆ. ಮಗುವನ್ನು ಎತ್ತಿಕೊಂಡಿದ್ದು ಹೇಗೆಂದರೆ ಬೇರೆಯವರ ಮನೆಯ ಗಾಜಿನ ಸಾಮಾನು ಹಿಡಿದ ಹಾಗೆ.

"ನಿನ್ನ ಪಾಳಿ ಎಷ್ಟೊತ್ತಿಗಪ್ಪಾ?"

"ಮಧ್ಯಾಹ್ನ ಎರಡಕ್ಕೆ ಅಜ್ಜಿ. ಈರುಳ್ಳಿ ಸೀಸನ್ನು, ರಜಾ ಕೊಡಲ್ಲ."

"ಬೆಳಿಗ್ಗೆ?"

"ಫ್ರೀ."

"ಇನ್ನು ಮೇಲೆ ಇಲ್ಲ."

ಜನವರಿ 22, ಗುರುವಾರ

ನನ್ನ ಮಂಡಿ ನೆಲಕ್ಕೆ ಹೋದರೆ ಮೇಲೆ ಬರುವುದಿಲ್ಲ. ಅದೂ ಒಳ್ಳೆಯದೇ ಆಯಿತು. ಬಚ್ಚಲಲ್ಲಿ ಗಿಡ್ಡ ಸ್ಟೂಲಿನ ಮೇಲೆ ಬಾಲುವನ್ನೇ ಕೂರಿಸಿ, ಕಾಲು ನೀಡಿಸಿ, ಮಗುವನ್ನು ಅವನ ಎರಡು ಕಾಲಿನ ಮೇಲೆ ಮಲಗಿಸಿದೆ. ಕಾಲು ಎರಡೂ ತೊಲೆಯ ಹಾಗೆ ಬಿಗಿದುಕೊಂಡ.

"ಸಡಿಲ ಬಿಡ್ಲಾ. ಅದು ನಿನ್ನ ಕಾಲು ಮುರಿಯಲ್ಲ."

"ಜಾರಿದ್ರೆ ಅಜ್ಜಿ?"

"ಹೆಂಗಸರೆಲ್ಲ ಯಾವ ಕಾಲೇಜಲ್ಲಿ ಕಲಿತಿದ್ದು ಅನ್ಕೊಂಡಿದ್ದೀಯ? ನನ್ನ ಮೊದಲನೇ ಕೂಸನ್ನ ತೊಳೆಯೋವಾಗ ನನಗೆ ಹದಿನೆಂಟು. ಯಾರೂ ನಿನಗಾಗಲ್ಲ ಬಿಡು ಅನ್ನಲಿಲ್ಲ."

ಎಣ್ಣೆ ಹಚ್ಚುವಾಗ ಯಂತ್ರಕ್ಕೆ ಹಚ್ಚಿದ ಹಾಗೆ ಕೀಲುಕೀಲಿಗೆ ಹಚ್ಚಿದ. ನೀರಿಗೆ ಮೊಣಕೈ ಅದ್ದಿ ಬಿಸಿ ನೋಡು ಅಂದರೆ, ಥರ್ಮಾಮೀಟರ್ ತಂದ. ಮಗು ಚೀರಿತು. ಅವನೂ ಬೆವೆತ. ಕೊನೆಗೆ ಬಟ್ಟೆಯಲ್ಲಿ ಸುತ್ತಿ ಕೊಡುವಾಗ ಅವನ ಅಂಗಿ, ಪ್ಯಾಂಟು, ಮೀಸೆ ಎಲ್ಲ ಒದ್ದೆ, ಮಗುವಿನ ತಲೆ ಒಂದೇ ಒಣಗಿತ್ತು.

ನಾಳೆ ಮತ್ತೆ.

ಜನವರಿ 26, ಸೋಮವಾರ

ಇಂಥ ತಪ್ಪು ನಮ್ಮ ಜನ ಮಾತ್ರ ಮಾಡಲು ಸಾಧ್ಯ. ಬಾಣಂತಿಗೆ ತಲೆಗೆ ನೀರು ಹಾಕಿ, ಗಾಳಿ ತಗುಲಬಾರದು ಅಂತ ಕಿಟಕಿಯೆಲ್ಲ ಮುಚ್ಚಿಸಿ, ಕೂದಲಿಗೆ ಸಾಂಬ್ರಾಣಿ ಹೊಗೆ ಹಾಕಿದೆ. ಸೂರಿನಲ್ಲಿದ್ದ, ಹೊಗೆ ಕಂಡರೆ ಕೂಗುವ ಡಬ್ಬಿ ಊರಿಗೇ ಕೇಳುವ ಹಾಗೆ ಬಡಿದುಕೊಂಡಿತು. ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು ಕೋಣೆಯದು. ಬಾಲು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಾನೆ, ಬಾಣಂತಿ ಕಿವಿ ಮುಚ್ಚಿಕೊಂಡಿದ್ದಾಳೆ. ಅದೇ ಹೊತ್ತಿಗೆ ಸರಿಯಾಗಿ ಸರ್ಕಾರದ ಸೂಲಗಿತ್ತಿ ಬಾಗಿಲಿಗೆ ಬಂದಳು.

ಅವಳು ಮೊದಲು ಕಿಟಕಿ ತೆಗೆದಳು. ಆಮೇಲೆ ಚಂದ್ರಿಕಾಗೆ ಏನೋ ಹೇಳಿದಳು. ಕೂಸು ಇರುವ ಮನೆಯಲ್ಲಿ ಹೊಗೆ ಬೇಡ, ಅದರ ಎದೆಗೆ ಒಳ್ಳೆಯದಲ್ಲವಂತೆ. ಸರಿ ಅಂತ ತಲೆ ಆಡಿಸಿದೆ. ತಪ್ಪು ನನ್ನದೇ, ಒಪ್ಪುತ್ತೇನೆ. ಅವಳ ಎದುರಿಗೆ ಒಪ್ಪಲಿಲ್ಲ ಅಷ್ಟೇ.

ಅವಳು ಇದ್ದಾಗಲೇ ಬಾಲು ಮಗುವಿನ ಬಟ್ಟೆ ಬದಲಿಸಿದ. ಅವಳು ಅವನ ಬೆನ್ನು ತಟ್ಟಿ, "ಗುಡ್ ಆನ್ ಯೂ, ಡ್ಯಾಡ್" ಅಂದಳು. ಅವನ ಮುಖ ನೋಡಬೇಕಿತ್ತು. ಹನ್ನೆರಡು ಬಾಣಂತನದಲ್ಲಿ ನನ್ನ ಬೆನ್ನು ಯಾರು ತಟ್ಟಿದರು? ಬಟ್ಟೆ ಒಂದು ಬದಲಿಸಿದ, ಅದಕ್ಕೇ ಇಷ್ಟು.

ಆದರೆ ಚೆನ್ನಾಗಿಯೇ ಬದಲಿಸಿದ.

ಜನವರಿ 29, ಗುರುವಾರ

ಇವತ್ತು ಬಾಲು ರಸ್ತೆ ಬದಿಯ ತರಕಾರಿ ಅಂಗಡಿಯಿಂದ ಸಬ್ಬಸಿಗೆ ಸೊಪ್ಪು ಹುಡುಕಿ ತಂದಿದ್ದಾನೆ, ನಾನು ಹೇಳದೆ. ಮೆಣಸಿನ ಸಾರು ತಾನೇ ಮಾಡಿದ. ಬೆಳ್ಳುಳ್ಳಿ ಸೀಯಿಸಿದ. ಚಂದ್ರಿಕಾ ಎರಡು ಸಲ ಹಾಕಿಸಿಕೊಂಡಳು. ನಾನು ಮಾಡಿದ್ದನ್ನು ಒಂದೇ ಸಲ ಹಾಕಿಸಿಕೊಳ್ಳುತ್ತಾಳೆ.

ಜನವರಿ 31, ಶನಿವಾರ

ಅಳಿಯಂದಿರು ಒಬ್ಬರೇ ಬಂದಿದ್ದರು. ಹಿಟ್ಟು, ಎಣ್ಣೆ, ನನ್ನ ಮಂಡಿಗೆ ಹಚ್ಚುವ ಮುಲಾಮು ತಂದಿದ್ದರು. ಲ್ಯಾಪ್‌ಟಾಪೂ ತಂದಿದ್ದರು. ಮಧ್ಯೆ ಮಾತು ದಾಟಿಸಲು ನಿಶಾ ಇರಲಿಲ್ಲ, ಏನು ಮಾಡುವುದು, ನೇರವಾಗಿಯೇ ಮಾತಾಡಬೇಕಾಯಿತು.

"ಅತ್ತೆ, ನಿಮಗೆ ಅಲ್ಲಿ ಏನು ನೋಡೋಕಿಷ್ಟ? ಇದರಲ್ಲಿ ನಿಮ್ಮ ಸಾಲು ಖಾಲಿ ಇದೆ" ಅಂದರು.

ಇಷ್ಟು ದಿನ ಹೋಗುತ್ತೇನೆ ಹೋಗುತ್ತೇನೆ ಅಂತ ಕುಣಿದವಳು, ಏನು ನೋಡಲು ಅಂತ ಯೋಚಿಸಿಯೇ ಇರಲಿಲ್ಲ. ಅವರು ಒಂದೊಂದೇ ಚಿತ್ರ ತೋರಿಸಿದರು. ಹಡಗು, ಪಕ್ಷಿ, ಬಂಗಲೆ, ಚರ್ಚು. ಒಂದು ಚಿತ್ರದ ಹತ್ತಿರ ನಾನೇ ಅವರ ಕೈ ತಡೆದೆ. ಕಪ್ಪು ಕಲ್ಲಿಗೆ ಬಿಳಿ ಕಲ್ಲಿನ ಅಂಚು ಹಾಕಿ, ಸೀರೆಗೆ ಕಸೂತಿ ಹಾಕಿದಂತೆ ಕಟ್ಟಿದ ಕಟ್ಟಡ.

"ಇದ್ಯಾವ ಅರಮನೆ?"

"ಅರಮನೆ ಅಲ್ಲ ಅತ್ತೆ, ರೈಲ್ವೆ ಸ್ಟೇಷನ್. ನೂರು ವರ್ಷಕ್ಕೂ ಹಳೇದು. ಈಗ ರೈಲು ಅಪರೂಪ, ಜನ ಸುಮ್ನೆ ನೋಡೋಕೆ ಹೋಗ್ತಾರೆ."

"ಸುಮ್ನೆ ನೋಡೋಕಾ?"

"ಸುಮ್ನೆ ನೋಡೋಕೆ."

"ಎಷ್ಟೊತ್ತು ಬರೆದಿದ್ದೀರಿ?"

"ಇಪ್ಪತ್ತು ನಿಮಿಷ."

"ಸಾಲದು ಕಣಪ್ಪ ರಘುನಾಥ. ಜಾಸ್ತಿ ಬರಿ."

ಬರೆದುಕೊಂಡ.

ಫೆಬ್ರವರಿ 2, ಸೋಮವಾರ

ಸಂಯುಕ್ತಾ ಫೋನು ಮಾಡಿದ್ದಳು. ಡ್ಯೂಟಿ ಮುಗಿಸಿ ಕಾರಿನಲ್ಲಿ ಕೂತು ಮಾತಾಡುತ್ತಿದ್ದಳು. ಇನ್ನೂ ಯೂನಿಫಾರ್ಮಿನಲ್ಲೇ ಇದ್ದಳಂತೆ. ಬಾಣಂತಿಯನ್ನು ಬಿಟ್ಟು ನಿಮ್ಮಮ್ಮ ಪಿಕ್‌ನಿಕ್ಕಿಗೆ ಹೊರಟಿದ್ದಾರಂತೆ ಅಂತ ಕನ್ನಡಕೂಟದಲ್ಲಿ ಇಬ್ಬರು ಅಂದರಂತೆ. "ನಂಗೆ ಮುಖ ಎತ್ತೋಕಾಗ್ತಿಲ್ಲ ಅಮ್ಮಾ. ಬೇಕಾದ್ರೆ ನಾನೇ ಟ್ರಿಪ್ ಬಿಟ್ಟು ಅಲ್ಲಿಗೆ ಬರ್ತೀನಿ, ನೀನು ಹೋಗು."

"ನಿನ್ನನ್ನ ಬಿಟ್ಟು ಹೋಗೋಕೆ ನಾನು ಇಷ್ಟು ಜಗಳ ಆಡಿದ್ನಾ?"

ಆ ಕಡೆಯಿಂದ ಬರೀ ಉಸಿರು ಕೇಳಿಸಿತು. ಅತ್ತಳೋ, ಆಕಳಿಸಿದಳೋ.

"ಊಟ ಮಾಡಿದ್ಯಾ?" ಅಂದೆ.

"ಈಗ ಹೋಗಿ ಅಡುಗೆ ಮಾಡ್ಬೇಕಮ್ಮಾ."

ಬಾಣಂತಿಯಾಗಿದ್ದಾಗ ಬಿಟ್ಟರೆ ಇವಳು ಸುಮ್ಮನೆ ಮಲಗಿದ್ದನ್ನು ನಾನು ನೋಡಿಯೇ ಇಲ್ಲ. ಇದು ಇವತ್ತೇ ಯಾಕೆ ಹೊಳೆಯಿತೋ.

ಫೆಬ್ರವರಿ 4, ಬುಧವಾರ

ಇವತ್ತು ಪರೀಕ್ಷೆ ಅಂತ ಬಾಲುಗೆ ಹೇಳಿಬಿಟ್ಟೆ. "ಎಣ್ಣೆ, ನೀರು, ಬಾಣಂತಿಯ ಹೊಟ್ಟೆಗೆ ಬಟ್ಟೆ ಕಟ್ಟೋದು, ಸಾರು, ಎಲ್ಲಾ ನೀನೇ. ನಾನು ಈ ಮನೇಲಿಲ್ಲ ಅಂತ ತಿಳ್ಕೊ."

ಹಿಂದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬೇಲಿಯಾಚೆ ಈರುಳ್ಳಿ ಕಿತ್ತು ಒಣಗಲು ಬಿಟ್ಟಿದ್ದಾರೆ. ಬಚ್ಚಲ ಕಿಟಕಿ ತೆರೆದೇ ಇತ್ತು. ನೀರು ಬಿಟ್ಟ ಸದ್ದು. ಆಮೇಲೆ ಮಗು ಶುರುಮಾಡಿತು.

ಎಷ್ಟು ಅತ್ತಿತು! ಮೊದಲು ರಾಗ, ಆಮೇಲೆ ಚೀರು, ಆಮೇಲೆ ಉಸಿರು ಕಟ್ಟಿ ಒಂದು ಗಳಿಗೆ ಮೌನ. ಆ ಮೌನ ಇದೆಯಲ್ಲ, ಅದು ಐವತ್ತೈದು ವರ್ಷದಿಂದ ನನ್ನನ್ನು ಎಬ್ಬಿಸುತ್ತಲೇ ಇದೆ. ಬಾಲು "ಅಜ್ಜೀ" ಅಂತ ಕೂಗಿದ. ಚಂದ್ರಿಕಾ ಒಳಗಿಂದ "ಅಜ್ಜೀ, ಎಲ್ಲಿದ್ದೀರಾ?" ಅಂದಳು. ಎರಡು ಸಲ ಎದ್ದೆ. ಎರಡು ಸಲವೂ ಕೂತೆ. ಕೊನೆಗೆ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭಾರ ಹಾಕಿ ಕೂತೆ. ಇಷ್ಟು ಕಷ್ಟದ ಕೆಲಸ ನಾನು ಗದ್ದೆಯಲ್ಲೂ ಮಾಡಿಲ್ಲ.

ಆಮೇಲೆ ಅಳು ತಗ್ಗಿತು. ಬಾಲು ಏನೋ ಹೇಳುತ್ತಿದ್ದ. ಕಿವಿಗೊಟ್ಟು ಕೇಳಿದರೆ, ಯಂತ್ರದ ಭಾಗಗಳ ಹೆಸರು! ಬೆಲ್ಟು, ರೋಲರು, ಮೋಟರು. ಲಾಲಿ ಹಾಡು ಬರದೆ ಅದನ್ನೇ ರಾಗವಾಗಿ ಹೇಳುತ್ತಿದ್ದ. ಮಗು ಕೇಳುತ್ತಿತ್ತು.

ಅರ್ಧ ಗಂಟೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟು ತಂದು ನನ್ನ ಮಡಿಲಲ್ಲಿಟ್ಟ. ತಲೆ ಒದ್ದೆಯಾಗಿತ್ತು, ಕಿವಿಯ ಹಿಂದೆಯೂ ಒರೆಸಿದ್ದ.

"ಎಷ್ಟು ಮಾರ್ಕ್ಸ್ ಅಜ್ಜಿ?"

"ಜಂಬ ಬೇಡ. ಕುತ್ತಿಗೆ ಮಡಿಕೇಲಿ ಎಣ್ಣೆ ಉಳಿದಿದೆ."

ನಾನು ಇಲ್ಲದಿದ್ದರೂ ಆಗುತ್ತದೆ. ಆಗಬೇಕು ಅಂತಲೇ ಇಷ್ಟೆಲ್ಲ ಮಾಡಿದ್ದು. ಆದರೂ ಮಧ್ಯಾಹ್ನದ ಊಟ ಸೇರಲಿಲ್ಲ.

ಫೆಬ್ರವರಿ 5, ಗುರುವಾರ

ಹುಣಸೂರಿನಿಂದ ಬಾಲುವಿನ ತಾಯಿ ವಿಡಿಯೋದಲ್ಲಿ ಬಂದಳು. ಮೊದಲ ಬಾಣಂತನ ತವರಿನದು ಅಂತ ತಾನು ಹೊರಡದವಳು, ನನಗೆ ಬುದ್ಧಿ ಹೇಳಲು ಮಾತ್ರ ಹೊತ್ತು ಗೊತ್ತು ನೋಡಲಿಲ್ಲ.

"ಏನಮ್ಮಾ, ಇಪ್ಪತ್ತು ದಿನದ ಬಾಣಂತೀನ ಬಿಟ್ಟು ಊರು ಸುತ್ತಾಕೆ ಹೊರಟಿದ್ದೀರಂತೆ? ನನ್ನ ಮಗ ಹೆಂಗಸರ ಕೆಲಸ ಮಾಡ್ತಾ ಕೂರಬೇಕಾ?"

ನನ್ನ ನಾಲಿಗೆಯ ತುದಿಗೆ ಏನೇನು ಬಂತೋ, ಬರೆದರೆ ಈ ಪುಸ್ತಕ ಸಾಲದು. ಬಾಯಿ ತೆರೆದೆ. ಅಷ್ಟರಲ್ಲಿ ಹಾಸಿಗೆಯ ಮೇಲಿಂದ ಚಂದ್ರಿಕಾ ಫೋನು ತೆಗೆದುಕೊಂಡಳು. ಬಂದ ದಿನ ಕೈ ಹಿಡಿದು ಅತ್ತ ಹುಡುಗಿ.

"ಅತ್ತೆ, ಅಜ್ಜಿ ನಂಗೇನೂ ಸಾಲ ಇಟ್ಕೊಂಡಿಲ್ಲ. ಹದಿನೇಳು ದಿನ ಮಾಡಿದ್ದಾರೆ, ಅದೇ ಹೆಚ್ಚು. ಹೋಗಿ ಬರ್ಲಿ. ಬಾಲುಗೆ ಬರುತ್ತೆ. ನೋಡ್ತೀರಾ ಅವ್ರು ಮಾಡೋದು?" ಅಂತ ಫೋನನ್ನು ಬಾಲುವಿನ ಕಡೆ ತಿರುಗಿಸಿದಳು. ಅವನು ಹೆಗಲ ಮೇಲೆ ಮಗು ಹಾಕಿಕೊಂಡು ತೇಗು ಬರಿಸುತ್ತಿದ್ದ. ಮಗು ಅಲ್ಲೇ ಸರಿಯಾಗಿ ತೇಗಿತು. ಹುಣಸೂರು ಫೋನು ಇಟ್ಟಿತು.

ಆಮೇಲೆ ಚಂದ್ರಿಕಾ ನನ್ನ ಕಡೆ ನೋಡದೆಯೇ ಕೇಳಿದಳು, "ಭಾನುವಾರ ಬರ್ತೀರಲ್ಲ ಅಜ್ಜಿ?"

"ಬತ್ತೀನಿ. ಹೋದೋಳು ಅಲ್ಲೇ ಉಳಿಯಾಕೆ ಅದೇನು ನನ್ನ ತವರಾ?"

ಸಂಜೆ ರಘುನಾಥ ಬಂದು ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಕೂತಿದ್ದೆ.

ಫೆಬ್ರವರಿ 6, ಶುಕ್ರವಾರ. ಡುನೆಡಿನ್

ಬೆಳಿಗ್ಗೆ ಎದ್ದು ನೋಡಿದರೆ ಸಂಯುಕ್ತಾ ದೊಡ್ಡ ಸೂಟ್‌ಕೇಸು ತುಂಬುತ್ತಿದ್ದಾಳೆ. ರೈಸ್ ಕುಕ್ಕರ್, ಸಣ್ಣ ಪ್ರೆಶರ್ ಕುಕ್ಕರ್, ಬೇಳೆ, ಸಾರಿನ ಪುಡಿ, ಒಗ್ಗರಣೆ ಸೌಟು. ಮೋಟೆಲಿನಲ್ಲಿ ಒಲೆ ಇದೆಯಂತೆ, ಮೂರು ದಿನವೂ ತಾನೇ ಮಾಡಿಬಿಡುತ್ತಾಳಂತೆ. ಅಮ್ಮ ಹೊರಗೆ ತಿನ್ನಲ್ಲ ಅಂತ.

ನಾನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟೆ.

"ಅಮ್ಮಾ, ಏನ್ ಮಾಡ್ತಿದ್ದೀಯ? ಏನ್ ತಿಂತೀಯ ಅಲ್ಲಿ?"

"ಅಲ್ಲಿಯವರು ತಿನ್ನೋದನ್ನ. ಬ್ರೆಡ್ಡು, ಆಲೂಗಡ್ಡೆ, ಏನಾದ್ರೂ. ಅಲ್ಲಿಯೂ ಒಲೆ ಮುಂದೆ ನಿಲ್ಲೋದಾದ್ರೆ ಇಲ್ಲೇ ನಿಲ್ಲಬಹುದಿತ್ತಲ್ಲ? ರಘು, ಬಾಪ್ಪ, ಈ ಸೂಟ್‌ಕೇಸ್ ವಾಪಸ್ ಮೇಲಿಡು. ಸಣ್ಣದು ಸಾಕು."

ರಘು ಬಂದು ಇಟ್ಟ. ಸಂಯುಕ್ತಾ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸಣ್ಣ ಸೂಟ್‌ಕೇಸು ಎಳೆದುಕೊಂಡಳು.

ವಿಮಾನದಲ್ಲಿ ಕಿಟಕಿ ನನಗೆ. ಕೆಳಗೆ ಹಿಮದ ಬೆಟ್ಟಗಳು ಕಂಡವು. ನಿಶಾ ಹೆಸರು ಹೇಳುತ್ತಾ ಹೋದಳು. ಹೆಸರು ಬೇಡ ಸುಮ್ಮನಿರು ಅಂದೆ.

ಮಧ್ಯಾಹ್ನ ಇಲ್ಲಿ ಹುರಿದ ಆಲೂಗಡ್ಡೆ ತಿಂದೆ. ಉಪ್ಪು ಜಾಸ್ತಿ. ಮುಗಿಸಿದೆ. ಸಂಜೆ ಆ ಕಡಿದಾದ ರಸ್ತೆಯ ಬುಡದಲ್ಲಿ ಬೆಂಚಿನ ಮೇಲೆ ಕೂತು, ಹತ್ತಿದವರ ಮುಖಗಳನ್ನು ನೋಡಿದೆ. ರಘುವಿನ ಮುಖ ಎಲ್ಲರಿಗಿಂತ ಕೆಂಪಗಿತ್ತು. ಹೇಳಿದೆ. ಅವನೂ ನಕ್ಕ.

ಫೆಬ್ರವರಿ 7, ಶನಿವಾರ. ಡುನೆಡಿನ್

ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಷನ್ನಿಗೆ ಹೋದೆವು. ಹೊರಗಿನಿಂದಲೇ ಕಾಲು ನಿಂತಿತು. ಚಿತ್ರದಲ್ಲಿ ಇರುವುದಕ್ಕಿಂತ ದೊಡ್ಡದು, ಮೇಲೆ ಗೋಪುರ, ಗಡಿಯಾರ. ಒಳಗೆ ನೆಲಕ್ಕೆ ಬೆರಳಿನ ಉಗುರಷ್ಟು ಚೂರುಗಳನ್ನು ಜೋಡಿಸಿ ಹೂವು, ಗಾಲಿ, ಇಂಜಿನ್ ಬಿಡಿಸಿದ್ದಾರೆ. ಯಾರೋ ಮಂಡಿಯೂರಿ ಒಂದೊಂದೇ ಚೂರು ಕೂರಿಸಿರಬೇಕು. ಅವರ ಮಂಡಿಯ ಬಗ್ಗೆ ಯೋಚಿಸಿದೆ. ಚಪ್ಪಲಿ ಬಿಟ್ಟು ನಡೆದೆ. ನಿಶಾ ಆ ಕಡೆ ಈ ಕಡೆ ನೋಡಿ, ತನ್ನ ಶೂ ಕೂಡ ಬಿಟ್ಟಳು.

ಮೆಟ್ಟಿಲು ಮಾತ್ರ ಇತ್ತು. ಹದಿನೈದೋ ಇಪ್ಪತ್ತೋ, ಎಣಿಸಲಿಲ್ಲ. ಸಂಯುಕ್ತಾ "ಬೇಡ ಅಮ್ಮಾ" ಅನ್ನಲು ಬಾಯಿ ತೆಗೆದಳು, ಮುಚ್ಚಿಕೊಂಡು ತೋಳು ಕೊಟ್ಟಳು. ಮೇಲೆ ಬಣ್ಣದ ಗಾಜಿನ ಕಿಟಕಿ ಇದೆ. ಅದರಲ್ಲಿ ಒಂದು ಉಗಿಬಂಡಿ, ಮುಂದೆ ದೀಪ ಹಚ್ಚಿಕೊಂಡು ನೇರ ನಮ್ಮ ಕಡೆಗೇ ಬರುತ್ತಿದೆ. ಬಿಸಿಲು ಹಿಂದಿನಿಂದ ಬಿದ್ದು ಬೆಂಕಿಯೇ ಹೊತ್ತಿದ ಹಾಗಿತ್ತು.

ಹತ್ತು ಗಂಟೆಗೆ ರಘು ಗಡಿಯಾರ ನೋಡಿಕೊಂಡ. "ಅತ್ತೆ, ಹತ್ತೂ ಹದಿನೈದಕ್ಕೆ ಪೆಂಗ್ವಿನ್ ಕಡೆ ಹೊರಡ್ಬೇಕು..."

"ನೀನು ನಿಶಾನ ಕರ್ಕೊಂಡು ಹೋಗಪ್ಪ. ನಾನು ಇನ್ನೂ ನೋಡಿ ಮುಗಿಸಿಲ್ಲ. ಸಂಯುಕ್ತಾನೂ ಬರಲ್ಲ."

"ನಾನ್ಯಾಕೆ ಬರಲ್ಲ?" ಅಂದಳು ಸಂಯುಕ್ತಾ.

"ನಿನಗೆ ಪೆಂಗ್ವಿನ್ ಬೇಕಾ?"

"ಇಲ್ಲ," ಅಂದಳು. ಅದನ್ನು ಅವಳು ಆಗ ತಾನೇ ಕಂಡುಹಿಡಿದ ಹಾಗಿತ್ತು.

ಅವರಿಬ್ಬರೂ ಹೋದರು. ನಾವು ಗಾಜಿನ ಎದುರಿನ ಬೆಂಚಿನ ಮೇಲೆ ಕೂತೆವು. ಇವಳು ಮೊದಲು ಬ್ಯಾಗಿನಿಂದ ಬಿಸ್ಕತ್ತು ತೆಗೆದಳು, ನೀರಿನ ಬಾಟಲಿ ತೆಗೆದಳು, ನನ್ನ ಮಾತ್ರೆ ತೆಗೆದಳು. "ಸಾಕು, ಇಡು ಮಗಾ" ಅಂದೆ. ಇಟ್ಟಳು. ಕೈಯನ್ನು ಏನು ಮಾಡಬೇಕೋ ತಿಳಿಯದೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಲೆಯನ್ನು ನನ್ನ ಹೆಗಲಿಗೆ ಆನಿಸಿದಳು. ಕೂದಲಲ್ಲಿ ಬಿಳಿ ಬಂದಿದೆ.

ಆಗ ಅವಳ ಫೋನು ಹೊಡೆದುಕೊಂಡಿತು. ಬಾಲು.

"ಅಮ್ಮಾ, ನೀರು ಹಾಕಿದ ಮೇಲೆ ಮಗು ಅಳು ನಿಲ್ಲಿಸ್ತಿಲ್ವಂತೆ. ನಿನ್ನನ್ನ ಕೇಳ್ತಿದ್ದಾನೆ."

"ಮೈ ಬಿಸಿ ಇದೆಯಾ ಕೇಳು."

"ಇಲ್ವಂತೆ."

"ಹಾಲು ಕುಡೀತಾ?"

"ಕುಡೀತಂತೆ."

ನನ್ನ ಕೈ ಫೋನಿನ ಕಡೆ ಹೋಯಿತು. ನೋಡಿದೆ ಅದನ್ನು, ಹೇಗೆ ತಾನಾಗಿಯೇ ಎದ್ದು ಹೋಗುತ್ತಿದೆ ಅಂತ. ಹಿಂದಕ್ಕೆ ತೆಗೆದುಕೊಂಡೆ.

"ಹಾಗಾದ್ರೆ ಅಳೋದು ಅದರ ಕೆಲಸ, ಎತ್ಕೊಳ್ಳೋದು ಅವನ ಕೆಲಸ. ಅವನಿಗೆ ಬರ್ತದೆ ಅಂತ ಹೇಳು."

"ನೀನೇ ಒಂದು ಮಾತು ಹೇಳಮ್ಮಾ."

"ನಾನು ಕೆಲಸದಲ್ಲಿದ್ದೀನಿ."

"ಏನ್ ಕೆಲಸ?"

"ನೋಡ್ತಾ ಇದ್ದೀನಿ."

ಸಂಯುಕ್ತಾ ನನ್ನನ್ನೇ ನೋಡಿದಳು. ಆಮೇಲೆ ಫೋನಿಗೆ, "ಬಾಲು, ಅಮ್ಮ ಈಗ ಸಿಗಲ್ಲ ಕಣೋ. ನಾಳೆ ಬರ್ತಾಳೆ" ಅಂತ ಹೇಳಿ ಅದನ್ನು ಬ್ಯಾಗಿಗೆ ಹಾಕಿದಳು. ಸದ್ದು ಕೂಡ ಆರಿಸಿದಳು.

ಕೆಳಗೆ ಜನ ಬರುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಹೋಗುತ್ತಿದ್ದರು. ಮೋಡ ಸರಿದು ಬಿಸಿಲು ಜೋರಾಯಿತು. ಗಾಜಿನ ರೈಲು ಎರಡು ದೀಪ ಉರಿಸಿಕೊಂಡು ಸೀದಾ ನನ್ನ ಮೇಲೇ ಬರುತ್ತಿತ್ತು.

ಬರಲಿ. ನಾನು ಎದ್ದು ದಾರಿ ಬಿಡಲಿಲ್ಲ.